ಡ್ರಾ ಸಾಕಿತ್ತು: 1985–86ರಲ್ಲಿ ಹಾರ್ಟ್ಸ್ ಲೀಗ್ ಕಳೆದುಕೊಂಡ ಬಗೆ

1986ರ ಮೇ 3, ಶನಿವಾರ, ಸ್ಕಾಟ್‌ಲೆಂಡ್ ಫುಟ್‌ಬಾಲ್ ಲೀಗಿನ ಕೊನೆಯ ದಿನ. ಗ್ಲಾಸ್ಗೋ ಪಕ್ಕದ ಪೇಸ್ಲಿ ಪಟ್ಟಣದ ಲವ್ ಸ್ಟ್ರೀಟ್ ಮೈದಾನದಲ್ಲಿ ಸೆಲ್ಟಿಕ್ ತಂಡ ಸೇಂಟ್ ಮಿರನ್ ವಿರುದ್ಧ 5–0 ಮುಂದಿದೆ. ಆಟದಲ್ಲಿ ಇನ್ನೇನೂ ಸ್ವಾರಸ್ಯ ಉಳಿದಿಲ್ಲ. ಚೆಂಡು ಮೈದಾನದ ನಡುವೆ ಎಲ್ಲೋ ಸುಮ್ಮನೆ ಓಡಾಡಿಕೊಂಡಿದೆ. ಅಂಥ ಹೊತ್ತಿನಲ್ಲಿ ಗ್ಯಾಲರಿ ಇದ್ದಕ್ಕಿದ್ದಂತೆ ಹುಚ್ಚೆದ್ದು ಕೂಗಿತು. ಮೈದಾನದಲ್ಲಿ ಏನೂ ಆಗಿರಲಿಲ್ಲ. ಕೂಗು ಹುಟ್ಟಿದ್ದು ಕಿವಿಗೊತ್ತಿಕೊಂಡಿದ್ದ ಟ್ರಾನ್ಸಿಸ್ಟರ್‌ಗಳಿಂದ. ಮೊದಲು ಅಲ್ಲೊಬ್ಬ ಇಲ್ಲೊಬ್ಬ ಎಗರಿದ, ಆಮೇಲೆ ಪಕ್ಕದವನು, ಆಮೇಲೆ ಇಡೀ ಸ್ಟ್ಯಾಂಡು. ಒಳಗೆ ಆಡುತ್ತಿದ್ದ ಸೆಲ್ಟಿಕ್ ಆಟಗಾರರಿಗೆ ಸುದ್ದಿ ಮುಟ್ಟಿದ್ದೂ ಹಾಗೆಯೇ. ದೂರದ ಡಂಡೀ ಊರಿನಲ್ಲಿ, ಆಟ ಮುಗಿಯಲು ಏಳು ನಿಮಿಷ ಬಾಕಿ ಇರುವಾಗ, ಲೀಗ್ ಪಟ್ಟಿಯ ತುದಿಯಲ್ಲಿದ್ದ ಹಾರ್ಟ್ಸ್ ತಂಡ ಒಂದು ಗೋಲು ಬಿಟ್ಟುಕೊಟ್ಟಿತ್ತು.

ಸ್ಕಾಟ್‌ಲೆಂಡಿನಲ್ಲಿ ಈ ಕಥೆಯನ್ನು ಯಾರ ಬಾಯಲ್ಲಿ ಕೇಳಿದರೂ ಆ ಏಳು ನಿಮಿಷದಿಂದಲೇ ಶುರುವಾಗುತ್ತದೆ, ಆಲ್ಬರ್ಟ್ ಕಿಡ್ ಎಂಬ ಹೆಸರಿನಲ್ಲಿ ಮುಗಿಯುತ್ತದೆ. ಲೀಗ್‌ನಲ್ಲಿ ಇಡೀ ಸೀಸನ್ ಒಂದೂ ಗೋಲು ಹೊಡೆಯದ ಬದಲಿ ಆಟಗಾರ ಕೊನೆಯಲ್ಲಿ ಎರಡು ಹೊಡೆದ, ಎಂಟು ತಿಂಗಳ ಶ್ರಮ ನೀರುಪಾಲಾಯಿತು. ಕೇಳುವುದಕ್ಕೆ ಚೆಂದದ ಕಥೆ, ಸುಳ್ಳೂ ಅಲ್ಲ. ಆದರೆ ಅಂಕಪಟ್ಟಿ ಮುಂದಿಟ್ಟುಕೊಂಡು ಕೂತರೆ ಈ ಪ್ರಕರಣ ಬೇರೆಯದೇ ಪ್ರಶ್ನೆ ಎತ್ತುತ್ತದೆ. ಒಂದು ಸೋಲನ್ನೂ ತಾಳಿಕೊಳ್ಳಲಾಗದಷ್ಟು ಬರಿಗೈಯಲ್ಲಿ ಹಾರ್ಟ್ಸ್ ಕೊನೆಯ ದಿನಕ್ಕೆ ಬಂದು ನಿಂತಿದ್ದೇಕೆ? ಇಪ್ಪತ್ತೇಳು ಪಂದ್ಯ ಸೋಲದ ತಂಡದ ಹತ್ತಿರ ಕೈಕಾಸು ಯಾಕಿರಲಿಲ್ಲ?

ಆಗಿನ ಲೀಗ್, ಆಗಿನ ಹಾರ್ಟ್ಸ್

ಆಗ ಸ್ಕಾಟ್‌ಲೆಂಡಿನ ಅಗ್ರ ದರ್ಜೆಯ ಹೆಸರು ಪ್ರೀಮಿಯರ್ ಡಿವಿಷನ್. ಹತ್ತೇ ತಂಡ. ಪ್ರತಿ ತಂಡ ಉಳಿದ ಒಂಬತ್ತರ ಜೊತೆ ನಾಲ್ಕು ನಾಲ್ಕು ಸಲ ಆಡಬೇಕು, ಒಟ್ಟು 36 ಪಂದ್ಯ. ಗೆದ್ದರೆ 2 ಅಂಕ, ಡ್ರಾ ಆದರೆ 1. ಅಂಕ ಸಮವಾದರೆ ಗೋಲು ಅಂತರ, ಅಂದರೆ ಹೊಡೆದ ಗೋಲಿನಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದು ಉಳಿಯುವ ಸಂಖ್ಯೆ, ಯಾರು ಮೇಲೆಂದು ತೀರ್ಮಾನಿಸುತ್ತಿತ್ತು. ಒಂದೇ ಎದುರಾಳಿಯನ್ನು ವರ್ಷಕ್ಕೆ ನಾಲ್ಕು ಸಲ, ಕಪ್ ಪಂದ್ಯವೂ ಬಿದ್ದರೆ ಐದಾರು ಸಲ ನೋಡುವುದು ಎಂದರೆ ಅಕ್ಕಪಕ್ಕದ ಮನೆಯವರ ಜಗಳದ ಹಾಗೆ. ಯಾರು ಯಾವಾಗ ಏನು ಮಾಡುತ್ತಾರೆಂದು ಎಲ್ಲರಿಗೂ ಗೊತ್ತು.

ಇವತ್ತು ಸ್ಕಾಟ್ಲೆಂಡ್ ಫುಟ್‌ಬಾಲ್ ಎಂದರೆ ಸೆಲ್ಟಿಕ್ ಮತ್ತು ರೇಂಜರ್ಸ್ ಎಂಬ ಎರಡೇ ಹೆಸರು ನೆನಪಾಗುವ ನಮಗೆ ಆ ಕಾಲ ತುಸು ವಿಚಿತ್ರವಾಗಿ ಕಾಣುತ್ತದೆ. ಹಿಂದಿನ ವರ್ಷದ ಚಾಂಪಿಯನ್ ಅಬರ್ಡೀನ್. ಅದರ ಮ್ಯಾನೇಜರ್ ಅಲೆಕ್ಸ್ ಫರ್ಗ್ಯುಸನ್. 1983ರಲ್ಲಿ ಗೆದ್ದದ್ದು ಡಂಡೀ ಯುನೈಟೆಡ್. ಗ್ಲಾಸ್ಗೋದ ರೇಂಜರ್ಸ್ ಆ ಸೀಸನ್‌ನಲ್ಲಿ 35 ಅಂಕದೊಂದಿಗೆ ಐದನೇ ಸ್ಥಾನಕ್ಕೆ ಜಾರಿತ್ತು. ಏಪ್ರಿಲ್‌ನಲ್ಲಿ ಗ್ರೇಮ್ ಸೂನೆಸ್ ಅವರನ್ನು ಮ್ಯಾನೇಜರ್ ಆಗಿ ಕರೆತಂದು ಹೊಸ ಅಧ್ಯಾಯಕ್ಕೆ ತಯಾರಿ ನಡೆಸಿತ್ತು. ಬಾಗಿಲು ತೆರೆದಿತ್ತು, ಯಾರು ಬೇಕಾದರೂ ನುಗ್ಗಬಹುದಿತ್ತು.

ನುಗ್ಗಿದ್ದು ಹಾರ್ಟ್ಸ್. ಪೂರ್ತಿ ಹೆಸರು ಹಾರ್ಟ್ ಆಫ್ ಮಿಡ್‌ಲೋಥಿಯನ್, ಎಡಿನ್‌ಬರೋ ನಗರದ ಟೈನ್‌ಕಾಸಲ್ ಮೈದಾನದ ತಂಡ. ಲೀಗ್ ಕೊನೆಯ ಸಲ ಗೆದ್ದದ್ದು 1960ರಲ್ಲಿ. ಯಾವುದೇ ದೊಡ್ಡ ಟ್ರೋಫಿ ಮುಟ್ಟಿದ್ದು 1962ರಲ್ಲಿ, ಅದೂ ಲೀಗ್ ಕಪ್. 1981ರಲ್ಲಿ ಕೆಳದರ್ಜೆಗೆ ಬಿದ್ದು, ಸಾಲದಲ್ಲಿ ಮುಳುಗಿ, ಮುಚ್ಚಿಹೋಗುವ ಹಂತಕ್ಕೆ ಬಂದಿತ್ತು. ವ್ಯಾಲೇಸ್ ಮರ್ಸರ್ ಎಂಬ ಉದ್ಯಮಿ ಕ್ಲಬ್ ಕೊಂಡರು. ರೇಂಜರ್ಸ್‌ನ ಹಳೆಯ ಹುಲಿ ಅಲೆಕ್ಸ್ ಮ್ಯಾಕ್‌ಡೊನಾಲ್ಡ್ ಕೈಗೆ ತಂಡ ಬಂತು. 1983ರಲ್ಲಿ ಮೇಲಕ್ಕೆ ಮರಳಿದರು. ಮ್ಯಾಕ್‌ಡೊನಾಲ್ಡ್ ಕೊಟ್ಟ ಮದ್ದು ಸರಳ: ಊರಿನ ಎಳೆಯ ಹುಡುಗರು, ಅವರನ್ನು ಹಿಡಿದು ನಿಲ್ಲಿಸಲು ಕೆಲವು ಹಳಬರು. ಗೋಲು ಹೊಡೆಯಲು ಜಾನ್ ರಾಬರ್ಟ್‌ಸನ್, ಗಿಡ್ಡ ಆಳು, ಗೋಲಿನ ಮುಂದಿನ ಪೆನಾಲ್ಟಿ ಪೆಟ್ಟಿಗೆಯೊಳಗೆ ಇಲಿಯಷ್ಟು ಚುರುಕು. ಮಧ್ಯದಲ್ಲಿ ಗ್ಯಾರಿ ಮಕೈ. ಹಿಂದೆ ಕ್ರೇಗ್ ಲೆವೀನ್. ಅವರ ಪಕ್ಕದಲ್ಲಿ ಸ್ಯಾಂಡಿ ಜಾರ್ಡಿನ್. ವಯಸ್ಸು 37, ತಂಡದ ಸಹಾಯಕ ಮ್ಯಾನೇಜರ್ ಬೇರೆ! ಆ ವರ್ಷ ಫುಟ್‌ಬಾಲ್ ಪತ್ರಕರ್ತರ ಸಂಘ ವರ್ಷದ ಆಟಗಾರ ಎಂದು ಆರಿಸಿದ್ದು ಅವರನ್ನೇ.

ಯಾರೂ ನೆನಪಿಡದ ಎಂಟು ಪಂದ್ಯ

ಸೀಸನ್‌ನ ಮೊದಲ ದಿನ, 1985ರ ಆಗಸ್ಟ್ 10. ಟೈನ್‌ಕಾಸಲ್‌ಗೆ ಬಂದ ತಂಡ ಸೆಲ್ಟಿಕ್. ಅದೇ ಬೇಸಿಗೆಯಲ್ಲಿ ಸೆಲ್ಟಿಕ್ ಬಿಟ್ಟು ಹಾರ್ಟ್ಸ್ ಸೇರಿದ್ದ ಜಾನ್ ಕೋಲ್‌ಹೂನ್ ತನ್ನ ಹಳೆಯ ತಂಡದ ಮೇಲೇ ಗೋಲು ಹೊಡೆದ. ಗೆದ್ದೆವು ಎಂದು ಎಲ್ಲರೂ ಉಸಿರು ಬಿಡುವ ಹೊತ್ತಿಗೆ ಪಾಲ್ ಮೆಕ್‌ಸ್ಟೇ ಸಮ ಮಾಡಿದ. 1–1. ಆಗಸ್ಟ್‌ನಲ್ಲಿ ಕಳೆದ ಒಂದು ಅಂಕಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಆದರೆ ಲೆಕ್ಕ ಹಾಕಿ ನೋಡಿ. ಆ ಗೋಲು ಬೀಳದಿದ್ದರೆ ಸೀಸನ್ ಕೊನೆಗೆ ಹಾರ್ಟ್ಸ್‌ಗೆ 51, ಸೆಲ್ಟಿಕ್‌ಗೆ 49. ಆಲ್ಬರ್ಟ್ ಕಿಡ್ ಎರಡಲ್ಲ, ಹತ್ತು ಗೋಲು ಹೊಡೆದರೂ ಟ್ರೋಫಿ ಎಡಿನ್‌ಬರೋದಲ್ಲೇ ಇರುತ್ತಿತ್ತು.

ಒಂದು ವಾರದ ನಂತರ ಪೇಸ್ಲಿಯ ಲವ್ ಸ್ಟ್ರೀಟ್. ಹೌದು, ಅದೇ ಲವ್ ಸ್ಟ್ರೀಟ್, ಅದೇ ಸೇಂಟ್ ಮಿರನ್. ಹಾರ್ಟ್ಸ್ 6–2ರಿಂದ ಸೋತಿತು. ಒಂದೇ ಮಧ್ಯಾಹ್ನದಲ್ಲಿ ಗೋಲು ಅಂತರದಿಂದ ನಾಲ್ಕು ಕಳೆಯಿತು. ಸೀಸನ್ ಕೊನೆಗೆ ಸೆಲ್ಟಿಕ್‌ಗೂ ಹಾರ್ಟ್ಸ್‌ಗೂ ಇದ್ದ ವ್ಯತ್ಯಾಸ ಎಷ್ಟು ಗೊತ್ತೇ? ಮೂರು.

ನಂತರ ಐಬ್ರಾಕ್ಸ್‌ನಲ್ಲಿ ರೇಂಜರ್ಸ್ ಎದುರು 3–1 ಸೋಲು. ಅಬರ್ಡೀನ್‌ಗೆ ಸೋಲು. ಮದರ್‌ವೆಲ್‌ಗೆ ಸೋಲು. ಸೆಪ್ಟೆಂಬರ್ 28ರಂದು ಕ್ಲೈಡ್‌ಬ್ಯಾಂಕ್ ಎದುರು 1–0 ಸೋಲು. ಈ ಕೊನೆಯ ಎರಡನ್ನು ಕೊಂಚ ನಿಂತು ನೋಡಬೇಕು. ಸೀಸನ್ ಮುಗಿದಾಗ ಮದರ್‌ವೆಲ್ ಒಂಬತ್ತನೆಯದು, ಕ್ಲೈಡ್‌ಬ್ಯಾಂಕ್ ಹತ್ತನೆಯದು. ಇಬ್ಬರಿಗೂ ಬರೀ 20 ಅಂಕ. ಮುಂದಿನ ವರ್ಷದಿಂದ ಲೀಗ್ ಅನ್ನು ಹನ್ನೆರಡು ತಂಡಕ್ಕೆ ಹಿಗ್ಗಿಸಿದ್ದರಿಂದ ಮಾತ್ರ ಇವರು ಕೆಳಗೆ ಬೀಳದೆ ಬಚಾವಾದರು. ಪಟ್ಟಿಯ ತಳದಲ್ಲಿದ್ದ ಇಬ್ಬರಿಗೂ ಬೆನ್ನುಬೆನ್ನಿಗೆ ಸೋತ ತಂಡ ಲೀಗ್ ಗೆಲ್ಲುವ ಹತ್ತಿರ ಬಂದದ್ದೇ ಪವಾಡ ಎನ್ನಬೇಕು.

ಎಂಟು ಪಂದ್ಯ, ಐದು ಸೋಲು. ಇಲ್ಲಿ ಖರ್ಚಾಯಿತು ಹಾರ್ಟ್ಸ್‌ನ ಕೈಕಾಸು. ಮೇ ತಿಂಗಳ ಶವಪರೀಕ್ಷೆಯಲ್ಲಿ ಸೆಪ್ಟೆಂಬರ್ ತಿಂಗಳ ಹೆಸರು ಬರುವುದೇ ಇಲ್ಲ, ಅದು ನನಗೆ ಯಾವಾಗಲೂ ಸೋಜಿಗ.

ಇಪ್ಪತ್ತೇಳು

ಆಮೇಲೆ ನಡೆದದ್ದನ್ನು ವಿವರಿಸುವುದು ಕಷ್ಟ. ಅಕ್ಟೋಬರ್‌ನಿಂದ ಏಪ್ರಿಲ್ ಕೊನೆಯವರೆಗೆ ಲೀಗ್‌ನಲ್ಲಿ ಹಾರ್ಟ್ಸ್ ಸೋಲಲೇ ಇಲ್ಲ. 27 ಪಂದ್ಯ, 18 ಗೆಲುವು, 9 ಡ್ರಾ. ಕಪ್ ಪಂದ್ಯಗಳನ್ನೂ ಸೇರಿಸಿದರೆ 31. ಅಕ್ಟೋಬರ್ 12ರಂದು ಗ್ಲಾಸ್ಗೋಗೆ ಹೋಗಿ ಸೆಲ್ಟಿಕ್ ಅನ್ನು ಅವರ ಮನೆಯಂಗಳದಲ್ಲೇ 1–0 ಸೋಲಿಸಿತು, ಗೋಲು ರಾಬರ್ಟ್‌ಸನ್‌ದು. ವರ್ಷಾಂತ್ಯದ ಹೊತ್ತಿಗೆ ಪಟ್ಟಿಯ ತುದಿಗೇರಿ ಕುಳಿತಿತು. ಸ್ಕಾಟಿಷ್ ಕಪ್‌ನಲ್ಲೂ ಫೈನಲ್ ತಲುಪಿತು. ಜೋಡಿ ಟ್ರೋಫಿಯ ಮಾತು ಶುರುವಾಯಿತು.

ಏಪ್ರಿಲ್ 12ರಂದು ಡಂಡೀಯ ಟ್ಯಾನಡೈಸ್ ಮೈದಾನದಲ್ಲಿ ಡಂಡೀ ಯುನೈಟೆಡ್ ಅನ್ನು 3–0 ಮಣಿಸಿದ್ದು ಆ ಓಟದ ಶಿಖರ. ಯುನೈಟೆಡ್ ಕೂಡ ಪ್ರಶಸ್ತಿ ಪೈಪೋಟಿಯಲ್ಲಿದ್ದ ತಂಡ. ಆ ದಿನ ನೋಡಿದವರು ಇನ್ನು ಇವರನ್ನು ಹಿಡಿಯುವವರಿಲ್ಲ ಎಂದುಕೊಂಡಿರಬೇಕು. ಟ್ಯಾನಡೈಸ್ ಇರುವ ರಸ್ತೆಯಲ್ಲೇ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಇನ್ನೊಂದು ಮೈದಾನವಿದೆ. ಅದರ ಹೆಸರು ಡೆನ್ಸ್ ಪಾರ್ಕ್, ಡಂಡೀ ಎಫ್‌ಸಿಯ ಮನೆ. ಮೂರು ವಾರದಲ್ಲಿ ಹಾರ್ಟ್ಸ್ ಬಸ್ಸು ಅದೇ ರಸ್ತೆಗೆ ಮರಳಿ ಬರಲಿಕ್ಕಿತ್ತು.

ಆದರೆ ಓಟದ ಕೊನೆಯಲ್ಲಿ ಕಾಲು ಸೋತದ್ದು ಕಾಣುತ್ತದೆ. ಏಪ್ರಿಲ್ 20ರಂದು ಅಬರ್ಡೀನ್ ಜೊತೆ ಟೈನ್‌ಕಾಸಲ್‌ನಲ್ಲಿ 1–1. ಆ ಪಂದ್ಯ ಟಿವಿಯಲ್ಲಿ ನೇರ ಪ್ರಸಾರವಾಗಿತ್ತು. ಕೊನೆಗಳಿಗೆಯಲ್ಲಿ ಕೋಲ್‌ಹೂನ್ ಸಮ ಮಾಡದಿದ್ದರೆ ಅದೂ ಹೋಗುತ್ತಿತ್ತು. ಮುಂದಿನ ಶನಿವಾರ ಮನೆಯಂಗಳಕ್ಕೆ ಬಂದದ್ದು ಕ್ಲೈಡ್‌ಬ್ಯಾಂಕ್. ಇಡೀ ಸೀಸನ್‌ನಲ್ಲಿ 77 ಗೋಲು ಬಿಟ್ಟುಕೊಟ್ಟ ತಂಡ. ಗೋಲು ಅಂತರ ಹಿಗ್ಗಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಮಧ್ಯಾಹ್ನ ಸಿಗುವುದಿಲ್ಲ. ಹಾರ್ಟ್ಸ್ ಗೆದ್ದದ್ದು 1–0, ಗೋಲು ಮಕೈಯದು. ಎರಡು ಅಂಕ ಬಂತು, ಅಂತರ ಒಂದೇ ಏರಿತು. ಸೋಲದಿರುವುದನ್ನು ರೂಢಿ ಮಾಡಿಕೊಂಡ ತಂಡಕ್ಕೆ ಒಂದು ಗೋಲು ಸಾಕು ಅನಿಸುವುದು ಸಹಜವೇ. ಅವತ್ತಿಗೆ ಸಾಕೂ ಆಯಿತು.

ಅತ್ತ ಸೆಲ್ಟಿಕ್ ಏನು ಮಾಡುತ್ತಿತ್ತು? ಮಾರ್ಚ್ 22ರಂದು ಮಳೆಯಲ್ಲಿ ತೊಯ್ದ ಐಬ್ರಾಕ್ಸ್‌ನಲ್ಲಿ ರೇಂಜರ್ಸ್ ಜೊತೆ 4–4 ಡ್ರಾ ಆಡಿತ್ತು. ಅಲ್ಲಿಂದಾಚೆ ಅಂಕವನ್ನೇ ಬಿಡಲಿಲ್ಲ. ಕೊನೆಯ ಎಂಟು ಪಂದ್ಯ, ಎಂಟೂ ಗೆಲುವು. ಮ್ಯಾನೇಜರ್ ಡೇವಿಡ್ ಹೇ ಅವರ ತಂಡಕ್ಕೆ ಕಳೆದುಕೊಳ್ಳಲು ಏನೂ ಇರಲಿಲ್ಲ. ಹಾರ್ಟ್ಸ್ ಜಾರುತ್ತದೆಂದು ಯಾರೂ ನಂಬಿರದಿದ್ದರಿಂದ ಇವರ ಮೇಲೆ ಯಾರ ಕಣ್ಣೂ ಇರಲಿಲ್ಲ. ಹಿಂದೆ ಓಡುವವನಿಗೆ ಇರುವ ಸುಖ ಅದು.

ಲೆಕ್ಕ

ಮೇ 3ರ ಬೆಳಿಗ್ಗೆ ಪರಿಸ್ಥಿತಿ ಹೀಗಿತ್ತು. ಹಾರ್ಟ್ಸ್ 50 ಅಂಕ, 59 ಗೋಲು ಹೊಡೆದು 31 ಬಿಟ್ಟುಕೊಟ್ಟಿದ್ದರಿಂದ ಅಂತರ 28. ಸೆಲ್ಟಿಕ್ 48 ಅಂಕ, 62 ಹೊಡೆದು 38 ಬಿಟ್ಟು ಅಂತರ 24. ನಮ್ಮ ಕ್ರಿಕೆಟ್‌ನ ನೆಟ್ ರನ್ ರೇಟಿಗೆ ಹೋಲಿಸಿದರೆ ಇದು ಬೆರಳೆಣಿಕೆಯ ಲೆಕ್ಕ, ದಶಾಂಶದ ತಲೆನೋವಿಲ್ಲ. ಹಾರ್ಟ್ಸ್ ಡಂಡೀ ಜೊತೆ ಡ್ರಾ ಮಾಡಿಕೊಂಡರೆ ಮುಗಿಯಿತು, ಸೆಲ್ಟಿಕ್ ಇಪ್ಪತ್ತು ಗೋಲು ಹೊಡೆದರೂ ಬೇಡ. ಹಾರ್ಟ್ಸ್ ಸೋತು ಸೆಲ್ಟಿಕ್ ಗೆದ್ದರೆ ಮಾತ್ರ ಅಂಕ ಸಮ. ಆಗಲೂ ಎರಡು ಪಂದ್ಯಗಳ ಗೋಲು ಕೂಡಿ ನಾಲ್ಕರ ಅಂತರ ತುಂಬಬೇಕು.

ಅಂದರೆ ಪೇಸ್ಲಿಯಲ್ಲಿ ಒಂದು ದೊಡ್ಡ ಗೆಲುವು, ಡಂಡೀಯಲ್ಲಿ ಒಂದು ಸೋಲು. ಎರಡೂ ಒಂದೇ ಗಂಟೆಯಲ್ಲಿ ಆಗಬೇಕು.

ಡಂಡೀ ತಂಡವನ್ನು ಈ ಕಥೆಯಲ್ಲಿ ಯಾರೂ ಸರಿಯಾಗಿ ಗಮನಿಸುವುದಿಲ್ಲ. ಆರ್ಚಿ ನಾಕ್ಸ್ ಅದರ ಮ್ಯಾನೇಜರ್, ಹಿಂದೆ ಅಬರ್ಡೀನ್‌ನಲ್ಲಿ ಫರ್ಗ್ಯುಸನ್ ಅವರ ಬಲಗೈ. ಡಂಡೀಗೆ ಆ ಪಂದ್ಯ ಹರಕೆ ತೀರಿಸುವ ಆಟವಾಗಿರಲಿಲ್ಲ. ಗೆದ್ದರೆ, ರೇಂಜರ್ಸ್ ಕೂಡ ಎಡವಿದರೆ, ಯುರೋಪಿನ ಕ್ಲಬ್‌ಗಳ ಪಂದ್ಯಾವಳಿಯಾದ ಯುಇಎಫ್‌ಎ ಕಪ್‌ಗೆ ಹೋಗುವ ಅವಕಾಶವಿತ್ತು. ಕೊನೆಗೆ ಇಬ್ಬರಿಗೂ 35 ಅಂಕ ಬಂದು, ಗೋಲು ಅಂತರದಲ್ಲಿ ರೇಂಜರ್ಸ್ ಮುಂದಾಯಿತು. ಆ ದಿನ ಗೋಲು ಅಂತರ ಎಂಬುದು ಒಬ್ಬರನ್ನಷ್ಟೇ ಅಳಿಸಲಿಲ್ಲ.

ಡೆನ್ಸ್ ಪಾರ್ಕ್

ಎಡಿನ್‌ಬರೋದಿಂದ ಫೋರ್ತ್ ಮತ್ತು ಟೇ ಎರಡೂ ಕೊಲ್ಲಿ ದಾಟಿ ಸಾವಿರಾರು ಜನ ಹೋದರು. ಮೈದಾನದಲ್ಲಿ ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಮಂದಿ, ಎಲ್ಲಿ ನೋಡಿದರೂ ಹಾರ್ಟ್ಸ್‌ನ ಕೆಂಗಂದು ಬಣ್ಣದ ಸ್ಕಾರ್ಫು.

ತಂಡದೊಳಗೆ ಬೇರೆಯದೇ ಕಥೆ. ಆ ವಾರ ವೈರಲ್ ಜ್ವರ ಹೊಕ್ಕಿತ್ತು. ಲೆವೀನ್ ಆಡಲೇ ಇಲ್ಲ. ಹಿಂದಿನ ಸಾಲಿನ ಕಂಬವೊಂದು ಇಲ್ಲದೆ, ಮೈಯಲ್ಲಿ ಪೂರ್ತಿ ಕಸುವಿಲ್ಲದೆ, ಸೀಸನ್‌ನ ಅತಿ ಭಾರದ ಪಂದ್ಯಕ್ಕೆ ಇಳಿಯಬೇಕಾಯಿತು.

ಆ ಪಂದ್ಯದ ತುಣುಕುಗಳು ಈಗಲೂ ಸಿಗುತ್ತವೆ. ನೋಡಿದರೆ ಕಣ್ಣಿಗೆ ಹೊಡೆಯುವುದು ಹಾರ್ಟ್ಸ್ ಆಟಗಾರರ ಕಾಲಲ್ಲಿರುವ ಅನುಮಾನ. ಮುಂದಕ್ಕೆ ಹೋಗಿ ಗೆಲ್ಲುವುದೋ, ಇದ್ದಲ್ಲೇ ನಿಂತು ಡ್ರಾ ಕಾಯುವುದೋ? ಮೊದಲಾರ್ಧದಲ್ಲಿ ಡಂಡೀ ಪೆಟ್ಟಿಗೆಯೊಳಗೆ ಕಾಲಿನ್ ಹೆಂಡ್ರಿ ತಾಗಿ ಸ್ಯಾಂಡಿ ಕ್ಲಾರ್ಕ್ ಉರುಳಿದರು. ಪೆನಾಲ್ಟಿ ಎಂದು ಹಾರ್ಟ್ಸ್ ಕೂಗಿತು. ರೆಫ್ರಿ ಬಿಲ್ ಕ್ರಾಂಬಿ ಕೊಡಲಿಲ್ಲ. ಎಡಿನ್‌ಬರೋದವರೇ ಆದ ರೆಫ್ರಿ ಎಡಿನ್‌ಬರೋ ತಂಡಕ್ಕೆ ಪೆನಾಲ್ಟಿ ಕೊಡಲಿಲ್ಲ ಎಂಬ ಸಂಕಟ ಇವತ್ತಿಗೂ ಹಾರ್ಟ್ಸ್ ಅಭಿಮಾನಿಗಳ ನಾಲಗೆಯ ಮೇಲಿದೆ. ಕೊಟ್ಟಿದ್ದರೆ ಕಥೆಯೇ ಬೇರೆ ಎನ್ನುತ್ತಾರೆ. ಇರಬಹುದು. 36 ಪಂದ್ಯಗಳ ಸೀಸನ್‌ನಲ್ಲಿ ಕೊಡದೆ ಹೋದ ಪೆನಾಲ್ಟಿ ಅದೊಂದೇ ಅಲ್ಲ, ನೆನಪಿರುವುದು ಅದೊಂದೇ.

ಅಷ್ಟರಲ್ಲಿ ಪೇಸ್ಲಿಯಿಂದ ಸುದ್ದಿ ಬರತೊಡಗಿತು. ಬ್ರಯಾನ್ ಮೆಕ್ಲೇರ್ ಆರಂಭದಲ್ಲೇ ಹೊಡೆದ. ನಂತರ ಮೋ ಜಾನ್‌ಸ್ಟನ್ ಎರಡು. ಅದರಲ್ಲಿ ಒಂದು ಗೋಲನ್ನು ಸೆಲ್ಟಿಕ್‌ನವರು ಈಗಲೂ ಮಕ್ಕಳಿಗೆ ತೋರಿಸುತ್ತಾರೆ. ಮುಪ್ಪಿನ ಡ್ಯಾನಿ ಮೆಗ್ರೇನ್ ತನ್ನ ಪೆಟ್ಟಿಗೆಯ ಬಳಿಯಿಂದ ಹೊರಡಿಸಿದ ಚೆಂಡು ಒಬ್ಬರಿಂದ ಒಬ್ಬರಿಗೆ ಸಾಗುತ್ತ ಇಡೀ ಮೈದಾನ ದಾಟಿ ಜಾನ್‌ಸ್ಟನ್ ಕಾಲಿಗೆ ಬಂದು ಬಲೆ ಸೇರಿತು. ಪಾಲ್ ಮೆಕ್‌ಸ್ಟೇ ಇನ್ನೊಂದು ಸೇರಿಸಿದ, ಆಗಸ್ಟ್‌ನಲ್ಲಿ ಟೈನ್‌ಕಾಸಲ್‌ನಲ್ಲಿ ಸಮ ಮಾಡಿದ್ದ ಅದೇ ಹುಡುಗ. ಮಧ್ಯಂತರಕ್ಕೆ 4–0. ಎರಡನೇ ಅವಧಿಯಲ್ಲಿ ಮೆಕ್ಲೇರ್ ಐದನೆಯದು. ಅಲ್ಲಿಗೆ ಸೆಲ್ಟಿಕ್ ತನ್ನ ಪಾಲಿನ ಕೆಲಸ ಮುಗಿಸಿ ಕೈ ಕಟ್ಟಿ ನಿಂತಿತು. ನಾಲ್ಕರ ಅಂತರ ಪೂರ್ತಿ ಅಳಿದಿತ್ತು. ಇನ್ನು ಡೆನ್ಸ್ ಪಾರ್ಕ್‌ನಲ್ಲಿ ಒಂದೇ ಒಂದು ಗೋಲು ಬಿದ್ದರೆ ಸಾಕು.

ಇದನ್ನೇ ನಾನು ಪ್ರಕರಣದ ತಿರುಳು ಎನ್ನುವುದು. ಕಿಡ್ ಚೆಂಡು ಮುಟ್ಟುವ ಮೊದಲೇ ಹಾರ್ಟ್ಸ್‌ನ ಕಾಪು ಮುರಿದುಹೋಗಿತ್ತು. 28ರ ಅಂತರದ ಬದಲು 33 ಇದ್ದಿದ್ದರೆ, ಸೆಲ್ಟಿಕ್‌ನ ಐದು ಗೋಲಿನ ಸುದ್ದಿ ಕೇಳಿ ಡೆನ್ಸ್ ಪಾರ್ಕ್‌ನಲ್ಲಿ ಯಾರೂ ಬೆವರುತ್ತಿರಲಿಲ್ಲ.

ಆದರೂ, ಎಷ್ಟು ಲೆಕ್ಕ ಹಾಕಿದರೂ, ಡ್ರಾ ಸಾಕಿತ್ತು. ಎಂಬತ್ತಮೂರು ನಿಮಿಷ ಅದು ಕೈಯಲ್ಲೇ ಇತ್ತು.

ಎರಡನೇ ಅವಧಿಯ ನಡುವೆ ನಾಕ್ಸ್ ಒಬ್ಬ ಬದಲಿ ಆಟಗಾರನನ್ನು ಇಳಿಸಿದ್ದರು. ಆಲ್ಬರ್ಟ್ ಕಿಡ್. ಹುಟ್ಟು ಸೆಲ್ಟಿಕ್ ಅಭಿಮಾನಿ. ಹಾರ್ಟ್ಸ್ ನಾಯಕನ ಹೆಸರೂ ಕಿಡ್ಡೇ, ವಾಲ್ಟರ್ ಕಿಡ್. ಇಬ್ಬರಿಗೂ ನಂಟೇನೂ ಇಲ್ಲ. 83ನೇ ನಿಮಿಷದಲ್ಲಿ ಬಲಗಡೆಯಿಂದ ರಾಬರ್ಟ್ ಕಾನರ್ ಕಾರ್ನರ್ ಎತ್ತಿದ. ಜಾನ್ ಬ್ರೌನ್ ತಲೆ ತಾಗಿಸಿ ಮುಂದಕ್ಕೆ ತಳ್ಳಿದ. ಗೋಲಿನ ಹತ್ತಿರ ಗುಂಪಿನ ಆಚೆ ಬದಿಯಲ್ಲಿ ಕಿಡ್ ಒಬ್ಬನೇ ನಿಂತಿದ್ದ. ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬಂದ ಚೆಂಡನ್ನು ಒದ್ದ. ಗೋಲ್‌ಕೀಪರ್ ಹೆನ್ರಿ ಸ್ಮಿತ್ ಏನೂ ಮಾಡುವಂತಿರಲಿಲ್ಲ. ಇದೇ ಆ ಗಳಿಗೆ, ಲವ್ ಸ್ಟ್ರೀಟ್‌ನಲ್ಲಿ ಕಾರಣವಿಲ್ಲದೆ ಜನ ಎದ್ದು ಕುಣಿದದ್ದು.

ಹಾರ್ಟ್ಸ್ ಈಗ ಗೋಲು ಹೊಡೆಯಲೇಬೇಕು. ಎಲ್ಲರೂ ಮುಂದೆ ಓಡಿದರು, ಹಿಂದೆ ಬಯಲು ಬಿತ್ತು. ಎರಡನೆಯ ಗೋಲು ಅದರ ಫಲ. ಕಿಡ್ ಬಲಬದಿಯಲ್ಲಿ ಚೆಂಡು ಹಿಡಿದು ಹೊರಟ, ಗ್ರಹಾಂ ಹಾರ್ವಿಗೆ ಕೊಟ್ಟು ಮರಳಿ ಪಡೆದು, ಚೆಂಡು ನೆಲಕ್ಕೆ ಬೀಳುವ ಮೊದಲೇ ಬಾರಿಸಿದ. ಮೊದಲನೆಯದು ಯಾರು ಬೇಕಾದರೂ ಹೊಡೆಯಬಹುದಾದ ಗೋಲು. ಎರಡನೆಯದು ಹಾಗಲ್ಲ, ವರ್ಷವಿಡೀ ಗೋಲಿಲ್ಲದವನ ಕಾಲಿನಿಂದ ಬರುವಂಥದ್ದೇ ಅಲ್ಲ. ಗೋಲುಗಳ ಲೆಕ್ಕದಲ್ಲಿ ಅದು ಬೇಕೂ ಇರಲಿಲ್ಲ. ಗಾಯಕ್ಕೆ ಉಪ್ಪು.

ಸೀಟಿ ಊದಿದ ಮೇಲೆ ಕ್ಯಾಮೆರಾ ಗ್ಯಾಲರಿಯತ್ತ ತಿರುಗಿತು. ದೊಡ್ಡ ಗಂಡಸರು ಸ್ಕಾರ್ಫಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು.

ಮೂರು ತಕ್ಕಡಿ

ಅಂತಿಮ ಪಟ್ಟಿಯಲ್ಲಿ ಎರಡೂ ತಂಡಕ್ಕೆ 20 ಗೆಲುವು, 10 ಡ್ರಾ, 6 ಸೋಲು, 50 ಅಂಕ. ಗೆಲುವಿಗೆ ಮೂರು ಅಂಕದ ಈಗಿನ ಪದ್ಧತಿ ಇದ್ದರೂ ಸಮವೇ. ಸೆಲ್ಟಿಕ್ 67–38, ಅಂತರ 29. ಹಾರ್ಟ್ಸ್ 59–33, ಅಂತರ 26. ತಮಾಷೆಯೆಂದರೆ ಇಬ್ಬರಿಗಿಂತಲೂ ಒಳ್ಳೆಯ ಅಂತರ, 31, ನಾಲ್ಕನೇ ಸ್ಥಾನದ ಅಬರ್ಡೀನ್‌ದು.

ಈಗ ಬೇರೆ ತಕ್ಕಡಿಯಲ್ಲಿ ತೂಗೋಣ. ಪರಸ್ಪರ ಆಡಿದ ಪಂದ್ಯಗಳನ್ನು ಲೆಕ್ಕಕ್ಕೆ ಹಿಡಿಯುವ ಲೀಗ್‌ಗಳಿವೆ. ಆ ಸೀಸನ್‌ನ ನಾಲ್ಕು ಭೇಟಿಯಲ್ಲಿ ಸೆಲ್ಟಿಕ್ ಒಮ್ಮೆಯೂ ಹಾರ್ಟ್ಸ್ ಅನ್ನು ಸೋಲಿಸಲಿಲ್ಲ. ಮೂರು ಡ್ರಾ, ಒಂದು ಹಾರ್ಟ್ಸ್ ಗೆಲುವು. ಆ ನಿಯಮವಿದ್ದರೆ ಚಾಂಪಿಯನ್ ಹಾರ್ಟ್ಸ್.

ಮೂರನೆಯ ತಕ್ಕಡಿ ಹಳೆಯದು, ಗೋಲು ಸರಾಸರಿ. ಹೊಡೆದ ಗೋಲನ್ನು ಬಿಟ್ಟುಕೊಟ್ಟ ಗೋಲಿನಿಂದ ಭಾಗಿಸುವುದು. ಸೆಲ್ಟಿಕ್: 67 ಭಾಗಿಸು 38, ಅಂದರೆ 1.763. ಹಾರ್ಟ್ಸ್: 59 ಭಾಗಿಸು 33, ಅಂದರೆ 1.788. ಇಲ್ಲೂ ಹಾರ್ಟ್ಸ್!

ಆ ಹಳೆಯ ತಕ್ಕಡಿಯನ್ನು ಸ್ಕಾಟ್‌ಲೆಂಡ್ 1970ರ ದಶಕದ ಆರಂಭದಲ್ಲಿ ಮೂಲೆಗಿಟ್ಟಿತ್ತು. ಅದರ ಹಿಂದೆ ಇನ್ನೊಂದು ನೋವಿನ ಕಥೆಯಿದೆ, ಅದರ ನಾಯಕನೂ ಹಾರ್ಟ್ಸೇ. 1965ರ ಏಪ್ರಿಲ್ 24, ಲೀಗ್‌ನ ಕೊನೆಯ ದಿನ. ಟೈನ್‌ಕಾಸಲ್‌ಗೆ ಬಂದ ಎದುರಾಳಿ ಕಿಲ್ಮಾರ್ನಾಕ್. ಎರಡು ಗೋಲಿನಿಂದ ಸೋಲದಿದ್ದರೆ ಹಾರ್ಟ್ಸ್ ಚಾಂಪಿಯನ್. ಕಿಲ್ಮಾರ್ನಾಕ್ ಸರಿಯಾಗಿ 2–0 ಗೆದ್ದಿತು. ಇಬ್ಬರಿಗೂ ತಲಾ 50 ಅಂಕ, ಹೌದು, ಆಗಲೂ 50! ಹಾರ್ಟ್ಸ್ 90 ಹೊಡೆದು 49 ಬಿಟ್ಟಿತ್ತು. ಕಿಲ್ಮಾರ್ನಾಕ್ 62 ಹೊಡೆದು 33. ಗೋಲು ಅಂತರ ನೋಡಿದರೆ ಹಾರ್ಟ್ಸ್ 41, ಕಿಲ್ಮಾರ್ನಾಕ್ 29. ಆದರೆ ಆಗಿನ ನಿಯಮ ಸರಾಸರಿ. 1.837ರ ಎದುರು 1.879. ಕಿಲ್ಮಾರ್ನಾಕ್ ಚಾಂಪಿಯನ್.

ಅಂದರೆ 1965ರಲ್ಲಿ 1986ರ ನಿಯಮ ಇದ್ದಿದ್ದರೆ ಹಾರ್ಟ್ಸ್ ಗೆಲ್ಲುತ್ತಿತ್ತು. 1986ರಲ್ಲಿ 1965ರ ನಿಯಮ ಇದ್ದಿದ್ದರೂ ಗೆಲ್ಲುತ್ತಿತ್ತು. ಒಂದೇ ಬಾಗಿಲಿಗೆ ಎರಡು ಸಲ ಹೋಗಿ, ಎರಡೂ ಸಲ ತಪ್ಪು ಕೀಲಿಕೈ ಹಿಡಿದು ನಿಂತ ಹಾಗೆ. ಸರಾಸರಿಯನ್ನು ಕಿತ್ತುಹಾಕಿ ಅಂತರ ತನ್ನಿ ಎಂದು ಗಟ್ಟಿಯಾಗಿ ಕೇಳಿದವರಲ್ಲಿ ಹಾರ್ಟ್ಸೂ ಒಂದು ಎಂಬ ಮಾತಿದೆ. ನಿಜವಿದ್ದರೆ ಇದಕ್ಕಿಂತ ಕ್ರೂರ ವ್ಯಂಗ್ಯ ಬೇಕಿಲ್ಲ.

ಆದರೆ ನಿಯಮವನ್ನು ದೂರುವಂತೆಯೂ ಇಲ್ಲ. ಸರಾಸರಿ ಎಂಬುದು ಬಿಗಿಯಾಗಿ ರಕ್ಷಿಸುವವರ ಕಡೆ ವಾಲುತ್ತದೆ, ಅಂತರ ಹೆಚ್ಚು ಹೊಡೆಯುವವರ ಕಡೆ. 1986ರ ಹಾರ್ಟ್ಸ್ ಬಿಗಿ ತಂಡ, ಒಂದು ಹೊಡೆದು ಬಾಗಿಲು ಹಾಕಿಕೊಳ್ಳುವ ತಂಡ. ಕ್ಲೈಡ್‌ಬ್ಯಾಂಕ್ ಮೇಲೆ 1–0 ಸಾಕು ಎಂದುಕೊಂಡ ತಂಡ. ತಾನು ಆಡುತ್ತಿದ್ದ ಲೀಗ್ ಯಾವ ತಕ್ಕಡಿಯಲ್ಲಿ ತೂಗುತ್ತದೆ ಎಂಬುದು ಅದಕ್ಕೆ ಮೊದಲ ದಿನದಿಂದ ಗೊತ್ತಿತ್ತು.

ಸೇಂಟ್ ಮಿರನ್ ಬೇಕೆಂದೇ ಮೈಮರೆತು ಆಡಿತು ಎಂಬ ಗುಸುಗುಸು ಆಗಲೂ ಇತ್ತು, ಈಗಲೂ ಇದೆ. ಸೋತವರ ಮನೆಯಲ್ಲಿ ಅಂಥ ಮಾತು ಹುಟ್ಟದೆ ಇರುತ್ತದೆಯೇ? ಸೆಲ್ಟಿಕ್‌ನ ಆ ಗೋಲುಗಳನ್ನು ನೋಡಿದ ಮೇಲೆ ನನಗಂತೂ ಆ ಮಾತು ರುಚಿಸುವುದಿಲ್ಲ.

ಆಮೇಲೆ

ಒಂದು ವಾರಕ್ಕೆ ಸರಿಯಾಗಿ, ಮೇ 10ರಂದು, ಗ್ಲಾಸ್ಗೋದ ಹ್ಯಾಂಪ್‌ಡೆನ್ ಮೈದಾನದಲ್ಲಿ ಸ್ಕಾಟಿಷ್ ಕಪ್ ಫೈನಲ್. ಎದುರಾಳಿ ಫರ್ಗ್ಯುಸನ್ ಅವರ ಅಬರ್ಡೀನ್. ಜಾನ್ ಹೆವಿಟ್ ಎರಡು, ಬಿಲ್ಲಿ ಸ್ಟಾರ್ಕ್ ಒಂದು, 3–0. ನಾಯಕ ವಾಲ್ಟರ್ ಕಿಡ್ ಅವರನ್ನು ರೆಫ್ರಿ ಹೊರಗೆ ಕಳಿಸಿದರು. ಎಂಟು ದಿನದಲ್ಲಿ ಎರಡೂ ಟ್ರೋಫಿ ಹೋಯಿತು.

ಅದಾದ ಮೇಲೆ 2025ರವರೆಗೂ ಲೀಗ್ ಪ್ರಶಸ್ತಿ ಒಮ್ಮೆಯೂ ಗ್ಲಾಸ್ಗೋ ಬಿಟ್ಟು ಹೊರಗೆ ಹೋಗಲಿಲ್ಲ. ಸೂನೆಸ್ ರೇಂಜರ್ಸ್‌ಗೆ ದುಡ್ಡು ಸುರಿದು ಇಂಗ್ಲೆಂಡಿನ ಆಟಗಾರರನ್ನು ತಂದರು, ತೆರೆದಿದ್ದ ಬಾಗಿಲು ಮುಚ್ಚಿತು. ಡೇವಿಡ್ ಹೇ ಮರುವರ್ಷವೇ ಕೆಲಸ ಕಳೆದುಕೊಂಡರು.

ಆಲ್ಬರ್ಟ್ ಕಿಡ್ ಮುಂದೆ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದರು. ಸೆಲ್ಟಿಕ್‌ನವರು ಅವರನ್ನು ಪ್ರೀತಿಸುವುದು ಸರಿ. ಅವರಿಗಿಂತ ಹೆಚ್ಚು ಪ್ರೀತಿಸುವವರು ಎಡಿನ್‌ಬರೋದ ಇನ್ನೊಂದು ತಂಡ ಹಿಬ್ಸ್‌ನವರು. ಮೇ 3 ಬಂದರೆ ಹಿಬ್ಸ್ ಅಭಿಮಾನಿಗಳು ಈಗಲೂ ಅವರ ಹೆಸರಿನಲ್ಲಿ ಗ್ಲಾಸು ಎತ್ತುತ್ತಾರೆ. ತಮ್ಮ ತಂಡಕ್ಕೆ ಒಂದು ದಿನವೂ ಆಡದವನಿಗೆ ಇಷ್ಟು ಮರ್ಯಾದೆ!

ಜಾನ್ ರಾಬರ್ಟ್‌ಸನ್‌ಗೆ ಆ ದಿನ ವಯಸ್ಸು 21. ಆ ಸೀಸನ್ ಲೀಗ್‌ನಲ್ಲಿ 20 ಗೋಲು ಹೊಡೆದಿದ್ದ. ನಡುವೆ ಸ್ವಲ್ಪ ಕಾಲ ಬಿಟ್ಟರೆ ಮುಂದಿನ ಹನ್ನೆರಡು ವರ್ಷವೂ ಹಾರ್ಟ್ಸ್‌ನಲ್ಲೇ ಕಳೆದ, ಕ್ಲಬ್‌ನ ಲೀಗ್ ಗೋಲುಗಳ ದಾಖಲೆಯನ್ನು ತನ್ನದಾಗಿಸಿಕೊಂಡ. ಟ್ರೋಫಿ ಮಾತ್ರ ಬರಲಿಲ್ಲ. 1998ರ ಮೇ 16ರಂದು ಹಾರ್ಟ್ಸ್ ರೇಂಜರ್ಸ್ ಅನ್ನು 2–1 ಸೋಲಿಸಿ ಸ್ಕಾಟಿಷ್ ಕಪ್ ಗೆದ್ದಿತು, 36 ವರ್ಷದ ನಂತರದ ಮೊದಲ ಟ್ರೋಫಿ. 33ರ ರಾಬರ್ಟ್‌ಸನ್ ಅಂದು ಬದಲಿ ಆಟಗಾರರ ಬೆಂಚಿನಲ್ಲಿ ಕುಳಿತಿದ್ದ, ಒಂದು ನಿಮಿಷವೂ ಆಡಲಿಲ್ಲ. ಹ್ಯಾಂಪ್‌ಡೆನ್‌ನಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದರಿಂದ ಆ ಫೈನಲ್ ಬೇರೆ ಕಡೆ ನಡೆದಿತ್ತು. ರಾಬರ್ಟ್‌ಸನ್ ಪದಕ ಕೊರಳಿಗೆ ಹಾಕಿಕೊಂಡು ಕುಣಿದದ್ದು ಸೆಲ್ಟಿಕ್ ಪಾರ್ಕ್‌ನ ಹುಲ್ಲಿನ ಮೇಲೆ.